ಯಾವ ಪಾರ್ಸೆಲ್ ಯಾವ ಕೊರಿಯರ್‌ಗೆ? ಸಾಫ್ಟ್‌ವೇರ್‌ಗೆ ನಿಯಮ ಹಾಕುವುದು ಹೀಗೆ

ದಿನಕ್ಕೆ ನಾಲ್ಕೈದು ಪಾರ್ಸೆಲ್ ಇದ್ದಾಗ ಯಾವುದನ್ನು ಯಾರಿಗೆ ಕೊಡಬೇಕು ಅನ್ನುವುದು ತಲೆಯಲ್ಲೇ ಇರುತ್ತದೆ. ಐವತ್ತು ದಾಟಿದರೆ ತಲೆ ಸಾಲುವುದಿಲ್ಲ. ಆಗ ಶಿಪ್ಪಿಂಗ್ ಸಾಫ್ಟ್‌ವೇರ್ ಬರುತ್ತದೆ. ಬಹಳಷ್ಟು ಜನ ಅದರಲ್ಲಿ 'ಅತಿ ಕಡಿಮೆ ದರ' ಎಂಬ ಆಯ್ಕೆ ಒತ್ತಿ ಸುಮ್ನಾಗುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ದರ ಕೊನೆಯಲ್ಲಿ ನೋಡಬೇಕಾದ ವಿಷಯ. ಯಾವ ಪಾರ್ಸೆಲ್ ಯಾರ ಕೈಗೆ ಹೋಗಲೇಬಾರದು ಅನ್ನುವುದನ್ನು ಸಾಫ್ಟ್‌ವೇರ್‌ಗೆ ಮೊದಲು ಹೇಳಿಕೊಡಬೇಕು.

ಚನ್ನಪಟ್ಟಣದ ಮರದ ಬೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಒಂದು ಅಂಗಡಿ ಅಂದುಕೊಳ್ಳೋಣ.

ಮೊದಲು ಹಳೆಯ ಆರ್ಡರ್ ನೋಡಿ

ಎರಡು ಮೂರು ತಿಂಗಳ ಆರ್ಡರ್‌ಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ. ಪಿನ್‌ಕೋಡ್, ತೂಕ, ಬಾಕ್ಸ್ ಅಳತೆ, ಪ್ರಿಪೇಯ್ಡೋ ಸಿಒಡಿಯೋ (ಪಾರ್ಸೆಲ್ ಕೈಗೆ ಬಂದಾಗ ಹಣ ಕೊಡುವುದು), ತಲುಪಿತೋ ವಾಪಸ್ ಬಂತೋ, ಇಷ್ಟು ಸಾಕು. ಪಿನ್‌ಕೋಡಿನ ಮೊದಲ ಮೂರು ಅಂಕಿ ಹಿಡಿದು ಗುಂಪು ಮಾಡಿದರೆ ವಾಪಸ್ ಬರುವ ಜಾಗಗಳು ತಾವಾಗಿಯೇ ಕಾಣುತ್ತವೆ.

ತೂಕ ಸರಿಯಿಲ್ಲದಿದ್ದರೆ ಯಾವ ನಿಯಮವೂ ನಿಲ್ಲುವುದಿಲ್ಲ

ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಇದು ವಾಲ್ಯೂಮೆಟ್ರಿಕ್ ತೂಕ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ದೊಡ್ಡ ಆಟದ ಕುದುರೆಯೊಂದು 40, 30, 25 ಸೆಂ.ಮೀ. ಬಾಕ್ಸಿನಲ್ಲಿ ಹೋಗುತ್ತದೆ ಅನ್ನಿ. ತಕ್ಕಡಿಯಲ್ಲಿ 2 ಕೆ.ಜಿ. ತೂಗಿದರೂ ಬಿಲ್ ಆಗುವುದು 6 ಕೆ.ಜಿ.ಗೆ! ನಿಯಮವನ್ನು ತಕ್ಕಡಿ ತೂಕದ ಮೇಲೆ ಬರೆದಿದ್ದರೆ ಈ ಬಾಕ್ಸ್ ಹಗುರ ಪಾರ್ಸೆಲ್‌ನ ಕೊರಿಯರ್‌ಗೆ ಹೋಗಿ, ತಿಂಗಳ ಕೊನೆಗೆ ತೂಕದ ವ್ಯತ್ಯಾಸದ ಬಿಲ್ಲಾಗಿ ವಾಪಸ್ ಬರುತ್ತದೆ.

ಹಾಗಾಗಿ ಪ್ರತಿ ಸರಕಿಗೂ ಪ್ಯಾಕ್ ಆದ ಬಾಕ್ಸಿನ ಅಳತೆ ತುಂಬಿಸಿ. ಬಬಲ್ ರ್‍ಯಾಪ್ ಸುತ್ತಿ, ಟೇಪ್ ಹಾಕಿದ ಮೇಲೆ ಟೇಪಳತೆ ಹಿಡಿಯಿರಿ. ಬಾಕ್ಸ್ ಉಬ್ಬಿದ್ದರೆ ಉಬ್ಬಿದ ಕಡೆಯೇ ಅಳೆಯಿರಿ. ಭಾಗಿಸುವ ಅಂಕಿ ಎಲ್ಲರದ್ದೂ 5000 ಆಗಿರುವುದಿಲ್ಲ. ನಿಮ್ಮ ಕರಾರು ಪತ್ರ ತೆಗೆದು ನೋಡಿಕೊಳ್ಳಿ.

ನಿಯಮಗಳ ಸಾಲು

ಬಹುತೇಕ ಸಾಫ್ಟ್‌ವೇರ್‌ಗಳು ನಿಯಮಗಳನ್ನು ಮೇಲಿನಿಂದ ಕೆಳಗೆ ಓದುತ್ತವೆ. ಹೊಂದುವ ಮೊದಲ ನಿಯಮ ಸಿಕ್ಕ ತಕ್ಷಣ ನಿಲ್ಲುತ್ತವೆ. ಆದ್ದರಿಂದ ಯಾವುದು ಮೇಲಿದೆ ಅನ್ನುವುದೇ ಮುಖ್ಯ. ನಮ್ಮ ಅಂಗಡಿಯ ಸಾಲು ಹೀಗಿರಬಹುದು:

1. ಪಿನ್ 9ರಿಂದ ಶುರುವಾದರೆ: ಅಂಚೆ ಇಲಾಖೆ ಮಾತ್ರ.
2. ಪಿನ್ 744 ಅಥವಾ 68255ರಿಂದ ಶುರುವಾದರೆ: ಸ್ಪೀಡ್ ಪೋಸ್ಟ್.
3. ಲಿಥಿಯಂ ಬ್ಯಾಟರಿ ಇದ್ದರೆ: ವಿಮಾನ ಬೇಡ, ಸರ್ಫೇಸ್ ಮಾತ್ರ.
4. ಮೊತ್ತ 50,000 ರೂಪಾಯಿ ದಾಟಿದರೆ: ತಡೆಹಿಡಿ. ಇ-ವೇ ಬಿಲ್ (ಸರಕು ಸಾಗಣೆಗೆ ಬೇಕಾದ ಜಿಎಸ್‌ಟಿ ದಾಖಲೆ) ಆದ ಮೇಲೆ ಒಬ್ಬರು ನೋಡಿ ಬಿಡಲಿ.
5. ಸಿಒಡಿ ಆಗಿದ್ದು, ವಾಪಸಾತಿ ಜಾಸ್ತಿ ಇರುವ ಪಿನ್ ಆಗಿದ್ದರೆ: ಅಲ್ಲಿ ಚೆನ್ನಾಗಿ ತಲುಪಿಸುವ ಕೊರಿಯರ್.
6. ಬಿಲ್ ತೂಕ 10 ಕೆ.ಜಿ. ಅಥವಾ ಜಾಸ್ತಿ ಇದ್ದರೆ: ಭಾರದ ಸರಕಿನವರು.
7. ಪಿನ್ 560ರಿಂದ ಶುರುವಾದರೆ: ಬೆಂಗಳೂರಿನ ಲೋಕಲ್ ಡೆಲಿವರಿಯವರು.
8. ಉಳಿದದ್ದೆಲ್ಲ: ದರ ನೋಡಿ.

9ರಿಂದ ಶುರುವಾಗುವ ಪಿನ್ ಸೇನೆಯ ಅಂಚೆಯದ್ದು. '56 ಎಪಿಒ' ಎಂಬ ವಿಳಾಸ ನೋಡಿರುತ್ತೀರಿ, ಅಲ್ವಾ? ಖಾಸಗಿ ಕೊರಿಯರ್ ಅಲ್ಲಿಗೆ ಹೋಗುವುದಿಲ್ಲ. ಅಂಥ ಪಾರ್ಸೆಲ್ ಅಲೆದಾಡಿ ವಾಪಸ್ ಬಂದರೆ ನಷ್ಟ ಅಂಗಡಿಗಷ್ಟೇ ಅಲ್ಲ, ದೂರದಲ್ಲಿ ಕಾಯುತ್ತಿರುವ ಸೈನಿಕನಿಗೂ ಬೇಸರ. ಅದಕ್ಕೇ ಈ ನಿಯಮ ಎಲ್ಲಕ್ಕಿಂತ ಮೇಲಿರಲಿ.

ಎರಡನೆಯದರಲ್ಲಿ 744 ಅಂಡಮಾನ್, 68255 ಲಕ್ಷದ್ವೀಪ. ಅಂಕಿ ಉಳಿಸಲು ಹೋಗಿ ಬರೀ 682 ಎಂದು ಬರೆದರೆ ಕೊಚ್ಚಿಯ ಪಾರ್ಸೆಲ್‌ಗಳೂ ದ್ವೀಪದ ಲೆಕ್ಕಕ್ಕೆ ಸೇರುತ್ತವೆ. ಎಷ್ಟು ಅಂಕಿ ಬೇಕೋ ಅಷ್ಟನ್ನೂ ಬರೆಯಿರಿ.

ತೂಕದಲ್ಲೂ ಇಂಥದ್ದೇ ಒಂದು ಬಿರುಕು ಇದೆ. '500 ಗ್ರಾಂಗಿಂತ ಕಡಿಮೆ' ಎಂದು ಒಂದು, '500 ಗ್ರಾಂಗಿಂತ ಜಾಸ್ತಿ' ಎಂದು ಇನ್ನೊಂದು ನಿಯಮ ಇದ್ದರೆ ಸರಿಯಾಗಿ 500 ಗ್ರಾಂ ಇರುವ ಪಾರ್ಸೆಲ್ ಎರಡಕ್ಕೂ ಸೇರುವುದಿಲ್ಲ. ಒಂದರಲ್ಲಿ 'ಅಥವಾ ಸಮ' ಇರಲೇಬೇಕು.

ದರ ಅಂದರೆ ಯಾವ ದರ?

ಒಂದು ಲೆಕ್ಕ ಹಾಕೋಣ. ಒಬ್ಬರು ಪಾರ್ಸೆಲ್‌ಗೆ 60 ರೂಪಾಯಿ ಕೇಳುತ್ತಾರೆ. ನೂರರಲ್ಲಿ 25 ವಾಪಸ್ ಬರುತ್ತವೆ, ವಾಪಸಿಗೂ 60. ಒಟ್ಟು 7500 ರೂಪಾಯಿ, ತಲುಪಿದ್ದು 75. ಅಂದರೆ ತಲುಪಿದ ಒಂದಕ್ಕೆ 100 ರೂಪಾಯಿ ಬಿತ್ತು. ಇನ್ನೊಬ್ಬರದು ಹೋಗಲು 75, ಬರಲು 75. ವಾಪಸ್ ಬರುವುದು ಹತ್ತೇ. ಒಟ್ಟು 8250, ತಲುಪಿದ್ದು 90. ಒಂದಕ್ಕೆ 92 ರೂಪಾಯಿಯೂ ಆಗಲಿಲ್ಲ. ಪಟ್ಟಿಯಲ್ಲಿ ದುಬಾರಿ ಕಂಡವರೇ ಅಗ್ಗವಾದರು. ನಿಮ್ಮ ಎಕ್ಸೆಲ್‌ನಿಂದ ಈ ಲೆಕ್ಕ ತೆಗೆದೇ ಐದನೆಯ ನಿಯಮಕ್ಕೆ ಕೊರಿಯರ್ ಆರಿಸಿ.

ಪ್ರತಿ ನಿಯಮಕ್ಕೂ ಎರಡನೆಯ ಕೊರಿಯರ್‌ನ ಹೆಸರೊಂದು ಇರಲಿ. ಮೊದಲನೆಯವರ ಪಿಕಪ್ ಬಾರದಿದ್ದರೆ ಆರ್ಡರ್ ತಾನಾಗಿ ಅತ್ತ ಹೋಗಬೇಕು. ಸೇನೆಯ ಪಿನ್‌ಗೆ ಮಾತ್ರ ಇದು ಬೇಡ. ದಸರಾ, ದೀಪಾವಳಿ ಹೊತ್ತಿಗೆ ಒಬ್ಬೊಬ್ಬರಿಗೆ ದಿನಕ್ಕೆ ಇಷ್ಟೇ ಪಾರ್ಸೆಲ್ ಎಂಬ ಮಿತಿಯನ್ನೂ ಹಾಕಿ. ಇಲ್ಲದಿದ್ದರೆ ಮೂಟೆಗಳು ಗೋದಾಮಿನಲ್ಲೇ ಉಳಿಯುತ್ತವೆ.

ಚಾಲು ಮಾಡುವ ಮುನ್ನ

ಕಳೆದ ತಿಂಗಳ ಆರ್ಡರ್‌ಗಳನ್ನು ಹೊಸ ನಿಯಮಗಳ ಮೇಲೆ ಓಡಿಸಿ ನೋಡಿ. ಆಮೇಲೆ ಒಂದು ವಾರ ಸಾಫ್ಟ್‌ವೇರ್ ಸಲಹೆ ಮಾತ್ರ ಕೊಡಲಿ, ಲೇಬಲ್ ತೆಗೆಯುವವರು ನೋಡಿ ಒಪ್ಪಲಿ. ರೋಜು ಪ್ಯಾಕ್ ಮಾಡುವವರ ಕಣ್ಣಿಗೆ ಬೀಳುವ ತಪ್ಪು ಪರದೆ ಮುಂದೆ ಕೂತವರಿಗೆ ಕಾಣುವುದಿಲ್ಲ. ಅವರನ್ನು ಕೇಳಿ.

ನಿಯಮಕ್ಕೆ 'ರೂಲ್ 5' ಎಂದು ಹೆಸರಿಡಬೇಡಿ. 'ಸಿಒಡಿ ವಾಪಸಾತಿ ಜಾಸ್ತಿ ಇರುವ ಪಿನ್‌ಗಳು' ಎಂದಿಟ್ಟು, ಯಾಕೆ ಹಾಕಿದ್ದು, ಯಾವ ತಾರೀಖು ಎಂದು ಪಕ್ಕದಲ್ಲಿ ಬರೆಯಿರಿ. ಆ ಪಿನ್‌ಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಎಕ್ಸೆಲ್‌ನಿಂದ ಹೊಸದಾಗಿ ತೆಗೆಯಿರಿ. ಚೆನ್ನಾಗಿ ತಲುಪುತ್ತಿರುವ ಊರುಗಳನ್ನು ಅದರಿಂದ ಬಿಡಿಸಿ.