ಕ್ಯಾಮೆರಾ ಜೊತೆ ಕಿಟ್ ಲೆನ್ಸ್ ಬೇಕಾ, ಬರೀ ಬಾಡಿ ಸಾಕಾ?

ಯಾವ ಮಾಡೆಲ್ ಅಂತ ತೀರ್ಮಾನವಾದ ಮೇಲೆ ಇನ್ನೊಂದು ತಲೆನೋವು ಶುರುವಾಗುತ್ತದೆ. ಒಂದೇ ಕ್ಯಾಮೆರಾಕ್ಕೆ ಎರಡು ಬೆಲೆ: ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ) ಮಾತ್ರವಾದರೆ ಒಂದು, ಅದರ ಜೊತೆಗೇ ಬರುವ ಕಿಟ್ ಲೆನ್ಸ್ ಸೇರಿ ಇನ್ನೊಂದು. ಅಷ್ಟರಲ್ಲಿ ಗೊತ್ತಿದ್ದವರು ಯಾರೋ ‘ಕಿಟ್ ಲೆನ್ಸ್ ದಂಡ, ತಗೋಬೇಡಿ’ ಅಂದಿರುತ್ತಾರೆ. ಆ ಮಾತನ್ನು ಅರ್ಧ ಮಾತ್ರ ನಂಬಿ.

ಮೊದಲು ಕಳೆಯುವ ಲೆಕ್ಕ

ಕಿಟ್ ಬೆಲೆಯಲ್ಲಿ ಬಾಡಿ ಬೆಲೆ ಕಳೆಯಿರಿ. ಉಳಿದದ್ದೇ ಲೆನ್ಸಿಗೆ ನೀವು ಕೊಡುವ ಹಣ. ಅದೇ ಲೆನ್ಸ್ ಬಿಡಿಯಾಗಿ ಎಷ್ಟು, ಸೆಕೆಂಡ್ ಹ್ಯಾಂಡ್ ಎಷ್ಟು ಅಂತಲೂ ನೋಡಿ. ಬಿಡಿಯಾಗಿ ಕೊಳ್ಳುವುದಕ್ಕಿಂತ ಕಿಟ್‌ನಲ್ಲಿ ಸಾಮಾನ್ಯವಾಗಿ ಅಗ್ಗ. ಆದರೆ ‘ಬೇಡವಾದರೆ ಮಾರಿದರಾಯ್ತು’ ಎಂಬ ಲೆಕ್ಕ ಬೇಡ. ಎಲ್ಲರ ಹತ್ತಿರವೂ ಇರುವ ಲೆನ್ಸನ್ನು ಯಾರು ಒಳ್ಳೆ ಬೆಲೆಗೆ ಕೊಳ್ಳುತ್ತಾರೆ?

ಲೆನ್ಸಿನ ಮೇಲಿನ ಅಂಕಿ ಓದಿ

ಲೆನ್ಸಿನ ಮುಂಭಾಗದಲ್ಲಿ ‘18–55 ಎಂಎಂ 1:3.5–5.6’ ಎಂಬಂಥ ಬರಹ ಇರುತ್ತದೆ. ನಿರ್ಧಾರದ ಮುಕ್ಕಾಲು ಪಾಲು ಇಲ್ಲೇ ಇದೆ. ಎಂಎಂ ಅಂಕಿ ಫೋಕಲ್ ಲೆಂತ್: ಚಿಕ್ಕದಾದರೆ ಅಗಲದ ನೋಟ, ದೊಡ್ಡದಾದರೆ ಹತ್ತಿರದ ನೋಟ. ಮುಂದಿನದು ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿಯ ಅಳತೆ; ಈ ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಝೂಮ್ ಮಾಡದೆ 18ರಲ್ಲಿ ಇಟ್ಟಾಗ ಅಪರ್ಚರ್ ಎಫ್/3.5ರವರೆಗೆ ತೆರೆದುಕೊಳ್ಳುತ್ತದೆ. 55ಕ್ಕೆ ಹೋದರೆ ಎಫ್/5.6ಕ್ಕೇ ನಿಂತುಬಿಡುತ್ತದೆ. ಬೆಳಕು ಅರ್ಧಕ್ಕಿಂತ ಕಡಿಮೆ!

ಸಂಜೆ ಮನೆಯೊಳಗೆ ಮಗು ಓಡಾಡುತ್ತಿದೆ ಅಂದುಕೊಳ್ಳಿ. 18ರಲ್ಲಿ ಶಟರ್ ಸ್ಪೀಡ್ (ಬೆಳಕು ಒಳಬರಲು ಬಿಡುವ ಸಮಯ) 1/60 ಸೆಕೆಂಡ್ ಸಿಕ್ಕಿತು. ಮುಖ ಹತ್ತಿರ ಬರಲಿ ಅಂತ 55ಕ್ಕೆ ತಿರುಗಿಸಿದರೆ ಅದು ಸುಮಾರು 1/25ಕ್ಕೆ ಇಳಿಯುತ್ತದೆ. ಮಗು ಕಲಸಿಹೋಗುತ್ತದೆ. ಲೆನ್ಸಿನಲ್ಲಿರುವ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ ಅಷ್ಟೇ, ಮಗುವನ್ನಲ್ಲ. ಅದೇ ಜಾಗದಲ್ಲಿ 50 ಎಂಎಂ ಎಫ್/1.8 ಪ್ರೈಮ್ (ಝೂಮ್ ಇಲ್ಲದ) ಲೆನ್ಸ್ ಇದ್ದರೆ ಸುಮಾರು 1/250 ಸಿಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿ ಕಿಟ್ ಲೆನ್ಸಿನಲ್ಲೂ ಸಂಭಾಳಿಸಬಹುದು, ಆದರೆ ಚಿತ್ರದಲ್ಲಿ ಕಾಳುಕಾಳು ಜಾಸ್ತಿಯಾಗುತ್ತದೆ.

ಬಿಸಿಲಲ್ಲಿ ಈ ಗೋಳೇ ಇಲ್ಲ. ಎಫ್/8ರಲ್ಲಿ ಇಟ್ಟು ತೆಗೆದ ಬೆಟ್ಟಗುಡ್ಡದ ಚಿತ್ರ ನೋಡಿ ಲೆನ್ಸ್ ಅಗ್ಗದ್ದೋ ದುಬಾರಿಯದ್ದೋ ಹೇಳುವುದು ಕಷ್ಟ. ‘ಕಿಟ್ ಲೆನ್ಸಲ್ಲಿ ಶಾರ್ಪ್ ಬರಲ್ಲ’ ಅನ್ನುವವರು ಹೆಚ್ಚಾಗಿ ಕತ್ತಲಲ್ಲಿ ತೆಗೆದವರು.

ಅಂದ ಹಾಗೆ, ಎಲ್ಲ ಕಿಟ್ ಲೆನ್ಸೂ ಒಂದೇ ಅಲ್ಲ. ಫ್ಯೂಜಿಫಿಲ್ಮ್‌ನ 18–55 ಎಫ್/2.8–4, ನಿಕಾನ್ ಝಡ್ ಸಾಲಿನ 24–70 ಎಫ್/4 ಕೂಡ ಕಿಟ್‌ನಲ್ಲೇ ಬಂದಿವೆ. ಇಂಥವು ಸಿಕ್ಕರೆ ಹೆಚ್ಚು ಯೋಚಿಸಬೇಡಿ, ತೆಗೆದುಕೊಳ್ಳಿ.

ನಿಮ್ಮ ಹಳೇ ಫೋಟೊಗಳನ್ನೇ ಕೇಳಿ

ಫೋನಿನ ಗ್ಯಾಲರಿ ತೆರೆಯಿರಿ. ಜಾಗ, ಕಟ್ಟಡ, ಗುಂಪು ಫೋಟೊ ಜಾಸ್ತಿಯೋ, ಮುಖಗಳು ಜಾಸ್ತಿಯೋ? ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಅಳತೆಯ) ಸೆನ್ಸರ್ ಮೇಲೆ 18 ಎಂಎಂ ಅಂದರೆ ಹೆಚ್ಚುಕಡಿಮೆ ಫೋನಿನ ಮುಖ್ಯ ಕ್ಯಾಮೆರಾ ನೋಡುವಷ್ಟೇ ಅಗಲ. ಅದೇ ಸೆನ್ಸರ್ ಮೇಲೆ 50 ಎಂಎಂ ಹಾಕಿದರೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ನ 75–80 ಎಂಎಂ ಹಾಗೆ ಕಾಣುತ್ತದೆ. ಒಬ್ಬರ ಮುಖಕ್ಕೆ ಸೊಗಸು. ಆದರೆ ಸಣ್ಣ ಕೋಣೆಯಲ್ಲಿ ಐದು ಜನರನ್ನು ಹಿಡಿಯಲು ಹೋದರೆ ನಿಮ್ಮ ಬೆನ್ನು ಗೋಡೆಗೆ ತಾಗುತ್ತದೆ. ಮೊದಲ ಕ್ಯಾಮೆರಾಕ್ಕೆ ಬರೀ 50 ಕೊಂಡವರು ಕೈಕೈ ಹಿಸುಕಿಕೊಳ್ಳುವುದು ಇಲ್ಲೇ. ಒಂದೇ ಪ್ರೈಮ್ ಸಾಕು ಅನ್ನುವವರಿಗೆ ಎಪಿಎಸ್-ಸಿಯಲ್ಲಿ 35 ಎಂಎಂ ವಾಸಿ.

ಹಾಗಾದರೆ ಯಾರಿಗೆ ಯಾವುದು?

ಇದು ಮೊದಲ ಕ್ಯಾಮೆರಾ, ಬೆಲೆಯ ವ್ಯತ್ಯಾಸವೂ ಕಡಿಮೆ ಅಂದರೆ ಕಿಟ್ ತೆಗೆದುಕೊಳ್ಳಿ. ಒಂದಷ್ಟು ತಿಂಗಳು ಬಳಸಿ, ಆಮೇಲೆ ಪ್ರತಿ ಫೋಟೊದ ವಿವರದಲ್ಲಿ ಫೋಕಲ್ ಲೆಂತ್ ನೋಡಿ. ಬಹುಪಾಲು 18ರಲ್ಲೇ ಇದ್ದರೆ ನಿಮಗೆ ಇನ್ನೂ ಅಗಲದ ಲೆನ್ಸ್ ಬೇಕು. ಎಲ್ಲ 55ಕ್ಕೇ ಅಂಟಿಕೊಂಡಿದ್ದರೆ ಟೆಲಿ (ದೂರದ್ದನ್ನು ಹತ್ತಿರ ತರುವ) ಲೆನ್ಸ್ ಕಡೆ ನೋಡಿ. ಅಲ್ಲಿಯವರೆಗೆ ದುಡ್ಡು ಸುಮ್ನೆ ಸುರಿಯಬೇಡಿ.

ಒಳಾಂಗಣ ಸಮಾರಂಭ, ಹಕ್ಕಿ, ಆಟೋಟ, ಇವಿಷ್ಟೇ ನಿಮ್ಮ ಆಸೆಯಾದರೆ ಬಾಡಿ ಮಾತ್ರ ಕೊಂಡು ಆ ಹಣವನ್ನು ಬೇಕಾದ ಲೆನ್ಸಿಗೆ ಇಡಿ. ಹಕ್ಕಿ ಹಿಡಿಯಲು 55 ಎಂಎಂ ಯಾವ ಮೂಲೆಗೂ ಸಾಲದು.

ಮನೆಯಲ್ಲಿ ಹಳೇ ಲೆನ್ಸ್ ಇದೆ ಅಂತ ಬಾಡಿ ಮಾತ್ರ ಕೊಳ್ಳುವವರು ಹಣ ಕಟ್ಟುವ ಮೊದಲು ಅದನ್ನು ಹಾಕಿ ನೋಡಿ. ಮೌಂಟ್ (ಲೆನ್ಸ್ ಬಾಡಿಗೆ ಸೇರುವ ಜಾಗ) ಕೂತರೆ ಮುಗಿಯಲಿಲ್ಲ, ಫೋಕಸ್ ತಾನಾಗಿ ಆಗುತ್ತದಾ ಅಂತಲೂ ನೋಡಬೇಕು. ಉದಾಹರಣೆಗೆ ನಿಕಾನ್ ಡಿ3500 ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಹಳೆಯ 50 ಎಂಎಂ ಎಫ್/1.8ಡಿ ಲೆನ್ಸ್ ಅದಕ್ಕೆ ಚೆನ್ನಾಗಿಯೇ ಕೂರುತ್ತದೆ, ಆದರೆ ಫೋಕಸ್ ರಿಂಗನ್ನು ನೀವೇ ತಿರುಗಿಸಬೇಕು.