ಚಳಿಯ ರಾತ್ರಿ ಮೋಟರ್‌ಹೋಮ್‌ನ ಬಾಯ್ಲರ್ ಖಾಲಿಯಾದಾಗ: ನನ್ನ ಅನುಭವ

ನವೆಂಬರ್‌ನಲ್ಲಿ ಜರ್ಮನಿಯ ಮೋಸೆಲ್ ಕಣಿವೆಯಲ್ಲಿ, ಬರ್ನ್‌ಕಾಸ್ಟೆಲ್-ಕೂಸ್ ಬಳಿ, ಬಾಡಿಗೆಯ ಮೋಟರ್‌ಹೋಮ್‌ನಲ್ಲಿ, ಅಂದರೆ ಒಳಗೇ ವಾಸಿಸಬಹುದಾದ ವಾಹನದಲ್ಲಿ, ತಂಗಿದ್ದೆವು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಪಂಪ್ ಗುರುಗುಟ್ಟಿತು, ನೀರು ಮಾತ್ರ ನೂಲಿನಂತೆ ಬಂದಿತು. ಅದೇ ಹೊತ್ತಿಗೆ ವಾಹನದ ಅಡಿಯಲ್ಲಿ ನೀರು ಸುರಿಯುತ್ತಿತ್ತು.

ಪೈಪ್ ಒಡೆದಿರಬಹುದೆಂಬ ಸಂಶಯ ಸಹಜವೇ. ಆದರೆ ಬಗ್ಗಿ ನೋಡಿದಾಗ, ನೀರು ಯಾವುದೇ ಜೋಡಣೆಯಿಂದ ಜಿನುಗದೆ, ವಾಹನದ ತಳದಿಂದ ಹೊರಚಾಚಿದ್ದ ಒಂದು ಗಿಡ್ಡ ಕೊಳವೆಯ ತುದಿಯಿಂದಲೇ ಬೀಳುತ್ತಿತ್ತು. ಅದು ಬಾಯ್ಲರ್ ಹೆಪ್ಪುಗಟ್ಟಿ ಸೀಳದಂತೆ ಕಾಯುವ ಕವಾಟದ ಹೊರದಾರಿ. ಸುತ್ತಲಿನ ಉಷ್ಣತೆ ಸುಮಾರು 3 ಡಿಗ್ರಿಗೆ ಇಳಿದರೆ ಅದು ವಿದ್ಯುತ್ತಿನ ನೆರವಿಲ್ಲದೆ ತಾನಾಗಿ ತೆರೆದುಕೊಂಡು ಬಾಯ್ಲರ್‌ನ ನೀರನ್ನು ಹೊರಬಿಡುತ್ತದೆ. ಸುಮಾರು 7 ಡಿಗ್ರಿಗಿಂತ ಮೇಲೇರುವವರೆಗೆ ಮುಚ್ಚಿದರೂ ನಿಲ್ಲುವುದಿಲ್ಲ. ಕವಾಟ ಮುಚ್ಚಲು ಒತ್ತಿದ ಗುಂಡಿ ಪದೇ ಪದೇ ಹೊರಜಿಗಿಯುವುದು ಅದು ಕೆಟ್ಟಿರುವುದರ ಲಕ್ಷಣವಲ್ಲ. ಗುಂಡಿ ಹೊರಜಿಗಿಯದಂತೆ ಕೆಲವರು ಅದಕ್ಕೆ ಬಟ್ಟೆ ಕ್ಲಿಪ್ ಸಿಕ್ಕಿಸುತ್ತಾರೆ. ದುಬಾರಿ ಬಾಯ್ಲರ್‌ನ ರಕ್ಷಣೆಯನ್ನೇ ಕಿತ್ತುಹಾಕುವ ಆ ಉಪಾಯ ನನಗೆ ಒಪ್ಪಿಗೆಯಿಲ್ಲ.

ನಾನು ಪಂಪ್ ಆರಿಸಿ, ಹೀಟರ್ ಹಚ್ಚಿ, ಕವಾಟವಿದ್ದ ಆಸನದ ಕೆಳಗಿನ ಬಾಗಿಲನ್ನು ತೆರೆದಿಟ್ಟು, ಬೆಚ್ಚನೆಯ ಗಾಳಿ ಅಲ್ಲಿಗೆ ತಲುಪುವಂತೆ ಮಾಡಿದೆ. ಆ ಗೂಡು ಬೆಚ್ಚಗಾದ ಮೇಲೆ ತಿರುಗುಗುಂಡಿಯನ್ನು ಮುಚ್ಚುವ ದಿಕ್ಕಿಗೆ ಹೊರಳಿಸಿ ಒತ್ತುಗುಂಡಿಯನ್ನು ತಳ್ಳಿದಾಗ ಅದು ಒಳಗೇ ನಿಂತಿತು. ಬಳಿಕ ಪಂಪ್ ಹಾಕಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಹರಿಯುವವರೆಗೆ ಬಾಯ್ಲರ್ ತುಂಬಿಸಿದೆ. ಅಂದಿನಿಂದ ರಾತ್ರಿ ಹೀಟರನ್ನು ಸಣ್ಣಗೆ ಉರಿಯಲು ಬಿಟ್ಟು, ಆಸನದ ಕೆಳಗಿನ ಬಾಗಿಲನ್ನು ಓರೆಯಾಗಿಯೇ ಇಡುತ್ತಿದ್ದೆವು.