ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ: ಫೋನಿನ ಪರದೆ ಒಡೆದಾಗ ಬರುವ ಖರ್ಚು

ಇಲ್ಲಿಗೆ ಬಂದ ಹೊಸದರಲ್ಲಿ ಫೋನಿನ ಪರದೆ ಒಡೆದರೆ ನಮ್ಮವರು ಮೊದಲು ಮಾಡುವುದು ರಿಪೇರಿ ದರವನ್ನು ರೂಪಾಯಿಗೆ ಗುಣಿಸಿ ನೋಡುವುದನ್ನೇ. ಯಾವ ರಕ್ಷಣಾ ಯೋಜನೆಯನ್ನೂ ಕೊಳ್ಳದವರಿಗೆ ಐಫೋನ್ 15ರ ಪರದೆ ಬದಲಿಸಲು ಆಪಲ್ ಅಮೆರಿಕದಲ್ಲಿ ನಿಗದಿ ಮಾಡಿದ ದರ 279 ಡಾಲರ್. 15 ಪ್ರೊ ಮ್ಯಾಕ್ಸ್‌ಗೆ 379. ಹಲವು ರಾಜ್ಯಗಳಲ್ಲಿ ತೆರಿಗೆ ಬೇರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ "ಗ್ಲಾಸ್ ಮಾತ್ರ ಹಾಕಿಕೊಡಿ" ಎಂದು ಕೇಳಿ ಅಭ್ಯಾಸವಾದವರಿಗೆ ಈ ಮೊತ್ತ ಅನ್ಯಾಯವೆನಿಸುವುದು ಸಹಜ.

ಆದರೆ ಈ ಹಣ ಬರೀ ಗಾಜಿನದಲ್ಲ. ಮೇಲಿನ ಗಾಜು, ಸ್ಪರ್ಶವನ್ನು ಗುರುತಿಸುವ ಪದರ, ಚಿತ್ರ ಮೂಡಿಸುವ ಓಎಲ್‌ಇಡಿ ಪದರ, ಈ ಮೂರೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಗಾಜಿನಲ್ಲಿ ಒಂದೇ ಗೆರೆ ಮೂಡಿದ್ದರೂ ಕಂಪನಿಯವರು ಇಡೀ ಡಿಸ್‌ಪ್ಲೇಯನ್ನೇ ಬದಲಿಸುತ್ತಾರೆ. ಬಿಲ್ಲಿನ ದೊಡ್ಡ ಪಾಲು ಆ ಓಎಲ್‌ಇಡಿಯದು.

ಅರ್ಧ ಬೆಲೆಗೆ ಮಾಡಿಕೊಡುವ ಅಂಗಡಿಗಳು ಪ್ರತಿ ಊರಿನಲ್ಲಿಯೂ ಇವೆ, ಅವುಗಳಲ್ಲಿ ಪ್ರಾಮಾಣಿಕವಾದವು ಬಹಳ ಇವೆ. ಅಲ್ಲಿ ನೀವು ಕೇಳಲೇಬೇಕಾದದ್ದು, ಹಾಕುವ ಡಿಸ್‌ಪ್ಲೇ ಕಂಪನಿಯದೋ, ಬೇರೆಯವರು ತಯಾರಿಸಿದ ಓಎಲ್‌ಇಡಿಯೋ ಅಥವಾ ಅದಕ್ಕಿಂತ ಅಗ್ಗದ, ಹಳೆಯ ಬಗೆಯ ಎಲ್‌ಸಿಡಿಯೋ ಎಂಬುದು. ಇದನ್ನು ಕೇಳದೆ ನಾನು ಮೊದಲ ವರ್ಷ ಒಂದು ಸಣ್ಣ ಅಂಗಡಿಯಲ್ಲಿ ಓಎಲ್‌ಇಡಿ ಇದ್ದ ಫೋನಿಗೆ ಎಲ್‌ಸಿಡಿ ಹಾಕಿಸಿಕೊಂಡೆ. ಬಿಸಿಲಿನಲ್ಲಿ ಅಕ್ಷರ ಕಾಣದಾಯಿತು, ಬ್ಯಾಟರಿ ಸಂಜೆಗೆ ಮೊದಲೇ ಮುಗಿಯತೊಡಗಿತು, ಕೊನೆಗೆ ಎರಡನೆಯ ಸಲ ಹಣ ಕೊಟ್ಟು ಬದಲಿಸಬೇಕಾಯಿತು. ಯಾವ ಬಗೆಯ ಭಾಗ ಹಾಕಿದರು, ಎಷ್ಟು ದಿನ ಗ್ಯಾರಂಟಿ ಎಂಬೆರಡನ್ನೂ ರಸೀತಿಯಲ್ಲಿಯೇ ಬರೆಸಿಕೊಳ್ಳಿ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಫೋನಿನ ವಾರಂಟಿಯೇ ರದ್ದಾಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ, ವಾರಂಟಿಗಳ ಕುರಿತ ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಆ ರಿಪೇರಿಯಿಂದಲೇ ಆದ ಹಾನಿಯನ್ನು ಮಾತ್ರ ಕಂಪನಿ ನಿರಾಕರಿಸಬಹುದು.

ಭಾರತದಿಂದ ಗ್ಯಾಲಕ್ಸಿ ಫೋನ್ ತಂದವರು ಇನ್ನೂ ಒಂದು ವಿಷಯ ಗಮನಿಸಬೇಕು: ಅದರ ಮಾದರಿ ಸಂಖ್ಯೆ ಇಲ್ಲಿ ಮಾರುವ ಫೋನಿನದಕ್ಕಿಂತ ಬೇರೆಯಾಗಿರುತ್ತದೆ. ಆ ಸಂಖ್ಯೆಯನ್ನು ಅಂಗಡಿಗೆ ಮೊದಲೇ ಫೋನ್ ಮಾಡಿ ತಿಳಿಸಿ, ಅದಕ್ಕೆ ಹೊಂದುವ ಭಾಗ ಸಿಗುತ್ತದೆಯೇ ಎಂದು ವಿಚಾರಿಸಿಯೇ ಹೋಗಿ.

ಖರ್ಚನ್ನು ನಿಜವಾಗಿ ತಗ್ಗಿಸುವ ದಾರಿಗಳೆಲ್ಲ ಪರದೆ ಒಡೆಯುವ ಮೊದಲೇ ಹಿಡಿಯಬೇಕಾದವು. ಆಪಲ್‌ನದೇ ರಕ್ಷಣಾ ಯೋಜನೆಯಾದ ಆಪಲ್‌ಕೇರ್ ಪ್ಲಸ್ ಇದ್ದರೆ ಪರದೆಗೆ ಕೊಡಬೇಕಾದದ್ದು 29 ಡಾಲರ್ ಮಾತ್ರ, ಆದರೆ ಅದನ್ನು ಸಾಮಾನ್ಯವಾಗಿ ಫೋನ್ ಕೊಂಡ 60 ದಿನಗಳೊಳಗೆ ಪಡೆದಿರಬೇಕು. ಕೆಲವು ಕ್ರೆಡಿಟ್ ಕಾರ್ಡುಗಳು ಪ್ರತ್ಯೇಕ ವಿಮಾ ಕಂತು ಕೇಳದೆಯೇ ಒಡೆದ ಪರದೆಯ ಖರ್ಚು ಭರಿಸುತ್ತವೆ. ಫೋನಿನ ತಿಂಗಳ ಬಿಲ್ಲನ್ನು ಆ ಕಾರ್ಡಿನಿಂದಲೇ ಕಟ್ಟಿರಬೇಕೆಂಬುದು ಅವುಗಳ ಷರತ್ತು. ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ನಾಲ್ಕೈದು ಜನ ಸೇರಿ ಒಬ್ಬರ ಹೆಸರಿನಲ್ಲಿ ಫ್ಯಾಮಿಲಿ ಪ್ಲಾನ್ ಮಾಡಿಕೊಂಡು, ಉಳಿದವರು ತಮ್ಮ ಪಾಲನ್ನು ಆ ಗೆಳೆಯನ ಖಾತೆಗೆ ಹಾಕುತ್ತಾರೆ. ಕಂಪನಿಗೆ ಬಿಲ್ ಕಟ್ಟಿದ್ದು ಅವರ ಕಾರ್ಡಿನಿಂದಲ್ಲವಾದ್ದರಿಂದ ಕ್ಲೇಮು ನಿಲ್ಲುವುದಿಲ್ಲ. ಇಂಥ ಕಾರ್ಡ್ ಯಾರ ಬಳಿ ಇದೆಯೋ ಅವರೇ ಬಿಲ್ ಕಟ್ಟುವಂತೆ ಏರ್ಪಾಡು ಮಾಡಿಕೊಳ್ಳಿ, ಹಂಚಿಕೊಂಡ ಎಲ್ಲ ಸಂಖ್ಯೆಗಳಿಗೂ ರಕ್ಷಣೆ ಅನ್ವಯಿಸುತ್ತದೆಯೇ ಎಂದು ಕಾರ್ಡಿನ ನಿಯಮಗಳಲ್ಲಿ ಓದಿಕೊಳ್ಳಿ, ಮತ್ತು ಡಿಡಕ್ಟಿಬಲ್, ಅಂದರೆ ಕ್ಲೇಮಿನಲ್ಲಿ ನೀವೇ ಕೈಯಿಂದ ಕೊಡಬೇಕಾದ ಮೊತ್ತ, ಎಷ್ಟೆಂದು ನೋಡಿ. ಅದು ರಿಪೇರಿಯ ದರಕ್ಕೆ ಸಮೀಪವಿದ್ದರೆ ಕ್ಲೇಮಿನ ಶ್ರಮ ವ್ಯರ್ಥ.

ಫೋನನ್ನು ಕೊಡುವ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಪಾಸ್‌ಕೋಡನ್ನು ಚೀಟಿಯಲ್ಲಿ ಬರೆದುಕೊಡುವ ಬದಲು ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಹಾಕಿ ಕೊಟ್ಟರೆ ನಿಮ್ಮ ಚಿತ್ರಗಳೂ ಸಂದೇಶಗಳೂ ಅವರಿಗೆ ಕಾಣುವುದಿಲ್ಲ.